ಮೇಷ್ಟರ ಎರಡು ಮೂಗು

ಕೊಳ್ಳೇಗಾಲದ ನೇಕಾರರ ಬೀದಿಯ ತುದಿಯಲ್ಲಿದ್ದ ಅಚ್ಚುಕೂಟದಲ್ಲಿ ನಾನು ಅಚ್ಚುಮೊಳೆ ಜೋಡಿಸುತ್ತಿದ್ದೆ, ನಾವೆಲ್ಲ ಅಣ್ಣ ಎನ್ನುತ್ತಿದ್ದ ಹಿರಿಯರೊಬ್ಬರು ಹಾಳೆ ಅಚ್ಚುಹಾಕುವ ಟ್ರೆಡಲ್ ಮಿಷನ್ನು ತುಳಿಯುತ್ತಿದ್ದರು. ಚಿತ್ರ ಕಲಸಿಕೊಂಡು ಬಂದರೆ ನಾವೆಲ್ಲ ಮಸಿಯನ್ನು ಬಯ್ಯುತ್ತಿದ್ದೆವು. ಅವರು ಮಾತ್ರ ಹಾಳೆಯ ಬೆನ್ನು ಸವರಿ, "ತಪ್ಪು ಮೇಲಿರಲ್ಲ ಕಣ್ಲಾ, ಅಡೀಲಿರ್ತದೆ" ಎಂದು, ಹಾಳೆಯ ಕೆಳಗೆ ಸಡಿಲಾಗಿದ್ದ ಮೆತ್ತೆಕಾಗದ ಬಿಗಿದು ಸರಿಮಾಡುತ್ತಿದ್ದರು. ಯಳಂದೂರಿನ ಪ್ರೆಸ್ಸಿನವರೂ ಇಂಥದ್ದಕ್ಕೆ ಅವರನ್ನೇ ಕರೆಸುತ್ತಿದ್ದರು.

ಒಮ್ಮೆ ಹನೂರಿನ ಮೇಷ್ಟರೊಬ್ಬರ ಬೀಳ್ಕೊಡುಗೆ ಪತ್ರಕ್ಕೆಂದು ಆ ಮೇಷ್ಟರ ಮುಖ ಕೊರೆದ ಅಚ್ಚಿನ ಬ್ಲಾಕು ಮೈಸೂರಿನಿಂದ ಬಂತು. ಮೊದಲ ಹಾಳೆ ತೆಗೆದವರೇ ಅಣ್ಣ, "ಥೂ, ಮೇಷ್ಟ್ರಿಗೆ ಎರಡು ಮೂಗು ಬಂದವಲ್ಲಪ್ಪಾ!" ಎಂದರು. ಮೆತ್ತೆ ಬಿಗಿದರು. ಬ್ಲಾಕು ಅಲುಗದಂತೆ ಮರದ ಚಕ್ಕೆ ಬಡಿದರು. ಮಸಿ ಹಚ್ಚುವ ರೋಲರ್ ಕೂಡ ಬದಲಿಸಿದರು. ಪೇಟೆಗೆ ಹೋಗಿದ್ದ ನಾನು ಕಾಗದ ಹೊತ್ತು ಬರುವಷ್ಟರಲ್ಲಿ ಮಿಷನ್ನನ್ನೇ ಬಿಚ್ಚಿ ಹರವಿಕೊಂಡು ಕೂತಿದ್ದರು. ನೆಲದ ಮೇಲಿದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದೆ.

"ಚೆನ್ನಾಗೇ ಬಂದವಲ್ಲಣ್ಣಾ. ಮೂಗು ಒಂದೇ ಅದೆ."

"ತಮಾಸೆ ಮಾಡ್ಬ್ಯಾಡ ಕಣ್ಲಾ."

"ನಿಮ್ಮಾಣೆ ಅಣ್ಣಾ."

ಅವರು ಗೋಡೆಯ ಗೂಟದಲ್ಲಿದ್ದ ತಮ್ಮ ಅಂಗಿಯ ಕಡೆ ಬಹಳ ಹೊತ್ತು ನೋಡಿದರು.

"ಅಲ್ಲಿ ಎಷ್ಟು ಅಂಗಿ ಅವೆ?"

"ಒಂದೇಯ."

ಎದ್ದು ಹೋಗಿ ಕೈ ಚಾಚಿದರು. ಕೈ ಅಂಗಿಯ ಪಕ್ಕದ ಬರೀ ಗೋಡೆಗೆ ತಗುಲಿತು. ಹಾಳೆಯ ಬೆನ್ನು ಸವರುವಂತೆಯೇ ಆ ಗೋಡೆಯನ್ನು ಮೆಲ್ಲಗೆ ಸವರಿ, ನನ್ನ ಕಡೆ ತಿರುಗದೆ ಹೇಳಿದರು:

"ಮಿಷನ್ನು ಸರಿಯಾಗೇ ಅದೆ ಕಣ್ಲಾ. ಇನ್ಮೇಲೆ ನೀನೇ ತುಳ್ಕೊ."