ಕಣಕ್ಕೆ ಹಾಕಿದ ಕಂಪ್ಯೂಟರ್

ಕಿಟಕಿ ತೆರೆದರೆ ನಿಜವಾದ ಹಸಿರು ಗುಡ್ಡ ಕಾಣುವ ಸಕಲೇಶಪುರದಲ್ಲಿ ಕೂತು, ಪರದೆಯ ಮೇಲೆ ಹಸಿರು ಗುಡ್ಡದ ಚಿತ್ರ ನೋಡುವ ಆಸೆಗೆ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ ಮಹಾನುಭಾವ ನಾನು. ಹಾಕಿದ್ದು ಭಾನುವಾರ. ಸೋಮವಾರ ಸಂಜೆಯೊಳಗೆ ಒಂದು ಲಗ್ನಪತ್ರಿಕೆ ಕೊಡಬೇಕೆಂದು ಗೊತ್ತಿದ್ದೂ ಹಾಕಿದೆ. ಮೂರು ತಿಂಗಳ ಕೋರ್ಸ್ ಮುಗಿಸಿ ಡಿಟಿಪಿ ಅಂಗಡಿ ತೆರೆದವನಿಗೆ ಅಷ್ಟಾದರೂ ಕೊಬ್ಬು ಬೇಡವೇ?

ಪತ್ರಿಕೆ ಹೇಳಿದ್ದವರು ಕುಂದೂರು ಕಡೆಯ ಒಬ್ಬ ಸಣ್ಣ ಕಾಫಿ ಬೆಳೆಗಾರರು, ಮದುಮಗಳ ಅಪ್ಪ. ಅವರ ಮನೆಯಲ್ಲಿ ಮೊದಲ ಪತ್ರಿಕೆಯನ್ನು ಸೋಮವಾರ ಮನೆದೇವರ ಮುಂದಿಟ್ಟ ಮೇಲೆಯೇ ನೆಂಟರಿಗೆ ಹಂಚುವುದು. ಮುಂದಿನ ಸೋಮವಾರ ಎಂದರೆ ಮದುವೆಗೆ ಉಳಿಯುವುದು ಮೂರೇ ದಿನ.

"ಇವತ್ತು ಒಂದೇ ಒಂದು ಕೊಡಪ್ಪ ಸಾಕು, ಐದೂವರೆ ಬಸ್ಸಿಗೆ ಹೋಗ್ಬುಡ್ತೀನಿ" ಎಂದು ಬೆಳಿಗ್ಗೆಯೇ ಬಂದು ಸ್ಟೂಲಿನ ಮೇಲೆ ಕೂತರು.

ಸ್ವಿಚ್ ಒತ್ತಿ ಹೋಟೆಲಿಗೆ ಹೋಗಿ ತಿಂಡಿ ತಿಂದು ಬಂದೆ. ಕಂಪ್ಯೂಟರ್ ಇನ್ನೂ ಸ್ವಾಗತ ಹೇಳುತ್ತಲೇ ಇತ್ತು. ಫೈಲ್ ತೆರೆದರೆ ಮೊದಲು ಗಣಪತಿಯ ಕಿರೀಟ ಬಂತು. ಸೊಂಡಿಲು ಬರುವಷ್ಟರಲ್ಲಿ ಹನ್ನೊಂದು ಗಂಟೆ. ಒಂದು ಅಕ್ಷರ ಒತ್ತಿದರೆ ಅದು ಮೂಡಿಗೆರೆ ಸುತ್ತಿಕೊಂಡು ಪರದೆಗೆ ಬರುತ್ತಿತ್ತು. ಆಟಗಳನ್ನು ಅಳಿಸಿದೆ, ಹಾಡುಗಳನ್ನು ಅಳಿಸಿದೆ, ನಾಲ್ಕು ಸಲ ಆರಿಸಿ ಹಚ್ಚಿದೆ. ಕಂಪ್ಯೂಟರಿನ ಡಬ್ಬ ಬಿಚ್ಚಿ ಧೂಳು ಊದಿದೆ. ಧೂಳೆಲ್ಲ ನನ್ನ ಕಣ್ಣಿಗೇ ಬಂತು. ಮುಚ್ಚುವಾಗ ಒಂದು ಸ್ಕ್ರೂ ಕಡಿಮೆ ಬಿತ್ತು.

"ತೇವ ಹಿಡಿದೈತೆ ಕಣೋ ಮಾರಾಯ. ಬೆಳಿಗ್ಗೆ ಮಂಜು ನೋಡ್ಲಿಲ್ವಾ? ಕಣಕ್ಕೆ ಹಾಕು" ಎಂದರು ಅವರು.

ಬುದ್ಧಿ ಇದ್ದವನು ನಗುತ್ತಿದ್ದ. ನಾನು ಡಬ್ಬ ಎತ್ತಿಕೊಂಡೆ. ಅಂಗಡಿಯ ಹಿಂದೆ ವ್ಯಾಪಾರಿಯೊಬ್ಬರ ಕಣದಲ್ಲಿ ಕಾಫಿ ಹಣ್ಣು ಹರವಿತ್ತು. ಅದರ ಪಕ್ಕ ಗೋಣಿಚೀಲ ಹಾಸಿ ಡಬ್ಬವನ್ನು ಬಿಸಿಲಿಗಿಟ್ಟೆವು. ಕಾಫಿ ಕೆದರುವ ಹಾಗೆ ಅವರು ಅರ್ಧ ಗಂಟೆಗೊಮ್ಮೆ ಅದನ್ನು ಮಗ್ಗುಲು ಬದಲಿಸುತ್ತಿದ್ದರು. ಎರಡು ಗಂಟೆಗೆ ಕಿವಿ ಹತ್ತಿರ ಹಿಡಿದು ಕುಲುಕಿದರು. ಒಣಗಿದ ಕಾಫಿ ಹಣ್ಣು ಕುಲುಕಿದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ. ಡಬ್ಬವೂ ಅಂದಿತು.

"ಕೇಳು! ಒಣಗೈತೆ!"

ಅದು ನನ್ನ ಸ್ಕ್ರೂ. ಡಬ್ಬ ಎತ್ತಿಕೊಂಡು ಒಳಗೆ ನಡೆದೆ.

ಜೋಡಿಸಿದರೆ ಅದೇ ಕಿರೀಟ, ಅದೇ ಕಾಯುವಿಕೆ. ನಾಲ್ಕು ಗಂಟೆಯಾಯಿತು. ಅವರು ಚೀಲದಿಂದ ಅರಿಶಿನದ ಪೊಟ್ಟಣ ತೆಗೆದು ನೋಡಿ ಮತ್ತೆ ಒಳಗಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಬೈಯಲಿಲ್ಲ. ಅಳು ಬರುವ ಮುಂಚೆ ಎಸ್‌ಟಿಡಿ ಬೂತಿಗೆ ಓಡಿ ಹಾಸನದ ರಿಪೇರಿಯವನಿಗೆ ಫೋನ್ ಮಾಡಿದೆ.

"ಮೆಮೊರಿ ಎಷ್ಟೈತೆ?"

"ಅರವತ್ನಾಲ್ಕು ಎಂಬಿ."

"ಅಯ್ಯೋ ಬೃಹಸ್ಪತಿ! ಹೊಸದಕ್ಕೆ ಅದರ ಎರಡರಷ್ಟು ಬೇಕು ಕಣೋ. ಆ ನೆರಳು, ಚಿತ್ರ, ಒನಪು ವಯ್ಯಾರ ಎಲ್ಲಾ ಆಫ್ ಮಾಡು. ಶುರುವಾಗೋವಾಗ ತಾವಾಗೇ ಎದ್ದು ಕೂರೋ ಪ್ರೋಗ್ರಾಮ್‌ಗಳ್ನೂ ನಿಲ್ಸು."

ಓಡಿ ಬಂದು ಮೊದಲು ಹಸಿರು ಗುಡ್ಡವನ್ನು ತೆಗೆದೆ, ಆಮೇಲೆ ಒಂದೊಂದಾಗಿ ಉಳಿದದ್ದನ್ನು. ಕಂಪ್ಯೂಟರ್ ಕುಂಟುತ್ತಾ ನಡೆಯಿತು. ಐದು ಇಪ್ಪತ್ತಕ್ಕೆ ಪ್ರಿಂಟರ್ ಒಂದು ಪತ್ರಿಕೆ ಉಗುಳಿತು. ಬಸ್ಸು ತಡೆದು ನಿಲ್ಲಿಸಲು ಅವರು ಆಗಲೇ ಹೋಗಿದ್ದರು. ಹೊರಟ ಬಸ್ಸಿನ ಹಿಂದೆ ಓಡಿ ಕಿಟಕಿಯಿಂದ ಅವರ ಕೈಗೆ ತುರುಕಿದೆ. ಫೋನಿನ ವಿಷಯ ಹೇಳಲು ಪುರುಸೊತ್ತಿರಲಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.

ಗುರುವಾರ ಉಳಿದ ಪತ್ರಿಕೆ ಒಯ್ಯಲು ನಗುತ್ತಾ ಬಂದರು.

"ಸೋಮವಾರನೇ ದೇವ್ರ ಮುಂದೆ ಇಟ್ಬುಟ್ವಿ ಕಣಪ್ಪ, ಇನ್ನು ಹಂಚಕ್ಕೆ ಶುರು ಮಾಡ್ತೀವಿ. ಅಂದಂಗೆ, ನಮ್ಮನೆ ಟೀವಿಲೂ ಬರೀ ಚುಕ್ಕಿ ಬತ್ತಾ ಇತ್ತು. ಬೆಳಿಗ್ಗೆನೇ ಕಣಕ್ಕೆ ಹಾಕಿ ಬಂದಿವ್ನಿ. ಸಂಜೆ ಹೋಗಿ ಕುಲುಕಿ ನೋಡ್ತೀನಿ."