ಹಿಮದ ಹಡಗಿನಲ್ಲಿ ಒಂದು ಹಿಡಿ ಮಣ್ಣು

ಶ್ರೀಮಂತರು ಲೋಕ ನೋಡಲು ಹೋಗುವ ಹಡಗಿನಲ್ಲಿ ಎಂಜಲು ತಟ್ಟೆ ತೊಳೆಯುವವನೂ ಇರುತ್ತಾನೆ. ಅವನೂ ಸಾಯುತ್ತಾನೆ.

ಇಷ್ಟು ತಿಳಿಯದವರು ಶಿಕಾರಿಪುರದ ವನಜಮ್ಮನ ಖಾನಾವಳಿಯಲ್ಲಿ ಕೂತು ಉಜ್ಜಪ್ಪನನ್ನು ನೋಡಿ ನಗುತ್ತಾರೆ. ಅಲ್ಲಿ ರೊಟ್ಟಿ ಬಡಿಯುವ ಉಜ್ಜಪ್ಪ ಫ್ರಿಜ್ ತೆಗೆಯುವ ಮೊದಲು ಬಾಗಿಲು ತಟ್ಟುತ್ತಾನೆ.

"ಒಳಗೆ ಬದನೆಕಾಯಿ ಐತಪಾ. ಎದ್ದು ಬಂದು ಚಿಲ್ಕ ತೆಗೀತದಾ?" ಅನ್ನುತ್ತಾಳೆ ವನಜಮ್ಮ. ಉಣ್ಣುವವರಿಗೆ ನೆತ್ತಿ ಹತ್ತುವಷ್ಟು ನಗು.

ಅವನು ಯಾಕೆ ತಟ್ಟುತ್ತಾನೆಂದು ಯಾರೂ ಕೇಳಿಲ್ಲ. ನಾನು ಕೇಳಿದೆ.

ಬಳ್ಳಿಗಾವಿಯ ಈ ಉಜ್ಜಪ್ಪ ಗೋವಾದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ತೊಂಬತ್ತಾರರ ದೀಪಾವಳಿ ಕಳೆದ ಮೇಲೆ ಏಜೆಂಟನೊಬ್ಬ ಅವನನ್ನು ದಕ್ಷಿಣ ಧ್ರುವದ ಹಿಮ ತೋರಿಸುವ ಪ್ರವಾಸಿ ಹಡಗಿಗೆ ಒಪ್ಪಿಸಿದ. ಅಡುಗೆಮನೆ ಕೆಲಸ, ಬೆಚ್ಚಗಿರುತ್ತದೆ ಎಂದನಂತೆ. ಹೊರಡುವ ಮುಂಚೆ ಊರಿಗೆ ಬಂದಾಗ ಕೇಳಬೇಕಾದ್ದನ್ನು ಕೇಳಿದವಳು ತಾಯಿ ಬಸವಣ್ಣೆಮ್ಮ ಒಬ್ಬಳೇ.

"ಅಲ್ಲಿ ನೆಲ ಐತೇನೋ?"

"ಬರೀ ಐಸಂತವ್ವ."

"ಹಂಗಾರೆ, ಏನಾರ ಆದ್ರೆ ಮಣ್ಣು ಎಲ್ಲಿ ಮಾಡ್ತಾರೆ?"

"ಹೊಂಟೋನ ಮುಂದೆ ಆಡೋ ಮಾತೇನವ್ವ ಅದು?"

ಅವರ ಮನೆಯವರು ಸತ್ತವರನ್ನು ಸುಡುವುದಿಲ್ಲ, ನೀರಿಗೂ ಬಿಡುವುದಿಲ್ಲ. ಗುಂಡಿಯಲ್ಲಿ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ಬಂದವರೆಲ್ಲ ಹಿಡಿ ಮಣ್ಣು ಹಾಕುತ್ತಾರೆ. ಸಾವಿಗೆ ಹೋಗುವುದನ್ನೇ ಮಣ್ಣಿಗೆ ಹೋಗುವುದು ಅನ್ನುತ್ತಾರೆ. ಆಕೆ ಹೊಲದ ಮಣ್ಣು ತಂದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಮಗನ ಜೇಬಿಗೆ ತುರುಕಿದಳು.

ದಕ್ಷಿಣ ಅಮೆರಿಕದ ತುದಿಯ ಬಂದರು ಬಿಟ್ಟದ್ದೇ ಸಮುದ್ರ ಎದ್ದು ನಿಂತಿತು. ಅಡುಗೆಮನೆ ಹಡಗಿನ ಹೊಟ್ಟೆಯಲ್ಲಿತ್ತು, ಕಿಟಕಿಯಿಲ್ಲ. ಅಲೆ ಬರುವುದು ಕಾಣದು, ಬಂದು ಬಡಿದಾಗಲೇ ಗೊತ್ತು. ಉಜ್ಜಪ್ಪ ಸಿಂಕಿನ ಕಾಲು ತಬ್ಬಿ ಕೂತ. ಅವನ ಜೊತೆ ಪಾತ್ರೆ ತೊಳೆಯುತ್ತಿದ್ದ ಗೋವಾದ ಮುದುಕನೊಬ್ಬ, ಇವನು ಅಂಕಲ್ ಅನ್ನುತ್ತಿದ್ದವನು, ಎದೆ ಹಿಡಿದುಕೊಂಡು ಕುಸಿದ. ಮತ್ತೆ ಏಳಲಿಲ್ಲ.

ಹಡಗು ತಿರುಗಲಿಲ್ಲ. ಪ್ರವಾಸಿಗರ ಕಿವಿಗೆ ಬೀಳಬಾರದೆಂದು ಅಪ್ಪಣೆಯಾಯಿತು. ಹೆಣವನ್ನು ತರಕಾರಿ ಇಡುವ ತಣ್ಣನೆಯ ಕೋಣೆಯಲ್ಲಿ, ಆಲೂಗಡ್ಡೆ ಚೀಲಗಳ ಹಿಂದೆ ಮಲಗಿಸಿದರು. ಆಲೂಗಡ್ಡೆ ತರುವ ಕೆಲಸ ಉಜ್ಜಪ್ಪನದು.

"ಬಾಗ್ಲು ತಟ್ಟಿ ಒಳಗೆ ಹೋಗ್ತಿದ್ದೆ ರೀ," ಎಂದ ನನ್ನೊಡನೆ. "ಅಂಕಲ್ ಅದಾನಲ್ಲ ಒಳಗೆ. ಹೇಳದಂಗೆ ಹೆಂಗೆ ಹೋಗೋದು? ಒಂದು ಕೈಯಾಗೆ ಬುಟ್ಟಿ, ಇನ್ನೊಂದ್ರಾಗೆ ಅವ್ವನ ಗಂಟು. ನಾಳೆ ನಾನೂ ಅಲ್ಲೇ ಮಲಗ್ತೀನೇನೋ ಅಂತ."

ಹಿಮದ ದಡ ಸಿಕ್ಕಿತು. ಅಲ್ಲಿ ಇಳಿದವರಿಗೆ ಬಿಸಿ ಸೂಪು ಬಡಿಸಲು ಇವನನ್ನು ಕರೆದರು. ಹೊರಗಿನ ಮಣ್ಣು ಅಲ್ಲಿ ಬೀಳಬಾರದೆಂದು ರಬ್ಬರ್ ದೋಣಿ ಹತ್ತುವ ಮುಂಚೆ ಬೂಟು ಉಜ್ಜಿ, ಜೇಬು ಕೊಡವಿ ನೋಡುತ್ತಾರೆ. ನಿಯಮ ಸರಿಯೇ, ನನ್ನ ತಕರಾರಿಲ್ಲ. ಗಂಟು ಅಧಿಕಾರಿಯ ಕೈಗೆ ಸಿಕ್ಕಿತು.

"ವಾಟ್ ಈಸ್ ದಿಸ್?"

ಉಜ್ಜಪ್ಪನಿಗೆ ಗೊತ್ತಿದ್ದ ಇಂಗ್ಲಿಷು ಇಷ್ಟೇ. "ಮಣ್ಣು, ಸಾರ್. ಫಾರ್ ಡೆತ್."

ಪ್ರವಾಸಿಗರು ತಿರುಗಿ ನೋಡಿದರು. ಮುಚ್ಚಿಟ್ಟ ಸಾವು ಇವನ ಬಾಯಲ್ಲಿ ಹೊರಬಿತ್ತೇನೋ ಎಂದು ಅಧಿಕಾರಿಯ ಮುಖ ಬಿಳಿಚಿತು. "ಹೂಸ್ ಡೆತ್?"

"ಮೈ ಡೆತ್, ಸಾರ್."

ಎಲ್ಲರೂ ನಕ್ಕರು. ಗಂಟು ಕಸದ ಡಬ್ಬಿಗೆ ಹೋಯಿತು. ಒಬ್ಬ ತಾಯಿ ಮಗನ ಗುಂಡಿಗೆಂದು ಕೊಟ್ಟ ಮಣ್ಣು ಸಿಗರೇಟು ತುಂಡುಗಳ ಜೊತೆ.

ಗಂಟಿಲ್ಲದೆ ದೋಣಿ ಹತ್ತಿ ದಡಕ್ಕೆ ಇಳಿದ. ದೂರದಲ್ಲಿ ಹಿಮದ ಗೋಡೆ ಗುಡುಗಿನಂತೆ ಸೀಳಿ ಬಿದ್ದಾಗ ಪ್ರವಾಸಿಗರು ಕ್ಯಾಮೆರಾ ಎತ್ತಿದರು. ಉಜ್ಜಪ್ಪ ಎದೆಯ ಮೇಲಿನ ಲಿಂಗ ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ ಸೂಪು ಬಡಿಸಿದ.

ಉಜ್ಜಪ್ಪನೇನೋ ಜೀವಂತ ಬಂದಿದ್ದಾನೆ. ಅಂಕಲ್‌ನ ಹೆಣ ಮನೆ ಸೇರಿತೇ? ಇವನು ವಿಚಾರಿಸಿದಾಗ ಏಜೆಂಟ್, "ನಿನ್ನ ಪಾಡು ನೋಡ್ಕೊ" ಎಂದ.

ಅದೇ ಏಜೆಂಟ್ ಈ ವಾರ ಹಡಗಿಗೆ ಹುಡುಗರನ್ನು ಆರಿಸಲು ಸೊರಬದ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ ಕೂತಿದ್ದಾನೆ. ಸುತ್ತಲ ಹಳ್ಳಿಗಳ ಅಪ್ಪ ಅವ್ವಂದಿರೇ, ಹೊಸಬಾಳೆಯಂಥ ಊರಿನಿಂದಲೂ ಗಂಡುಮಕ್ಕಳನ್ನು ಅವನ ಹತ್ತಿರ ಕರೆದುಕೊಂಡು ಹೋಗುತ್ತಿದ್ದೀರಂತೆ. ಹೋಗಿ, ಬೇಡವೆನ್ನುವುದಿಲ್ಲ. ಆದರೆ ಬಸವಣ್ಣೆಮ್ಮ ಕೇಳಿದ್ದನ್ನು ಅವನ ಮುಖಕ್ಕೆ ಕೇಳಿ: ಏನಾದರೂ ಆದರೆ ಮಣ್ಣು ಎಲ್ಲಿ ಮಾಡುತ್ತೀಯ? ಅವನು ಬಾಯಿಬಿಟ್ಟು ಹೇಳುವ ತನಕ ಸಹಿ ಹಾಕಲು ಮಗನ ಕೈಗೆ ಪೆನ್ನು ಕೊಡಬೇಡಿ.