ನಂಬರ್ ಉಜ್ಜಿದ ಚಿಪ್‌ಗಳು

ಕೊರೋನಾ ಹಾವಳಿ ಮುಗಿದ ಎರಡನೆಯ ವರ್ಷ. ಬ್ರಹ್ಮಾವರದಲ್ಲಿ ಆಂಪ್ಲಿಫೈಯರ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ಹೆಸರಿಗೆ ಮುಖ್ಯಸ್ಥೆ ಅಷ್ಟೆ. ಒಂದು ಉದ್ದನೆಯ ಮೇಜು, ಕೆಲವು ಮೀಟರುಗಳು, ಸಹಾಯಕ್ಕೆ ಇಬ್ಬರು ಹೆಣ್ಣುಮಕ್ಕಳು, ಇದೇ ನನ್ನ ವಿಭಾಗ. ಕೆಲಸ ಹೋಗಿ ಮನೆಯಲ್ಲಿ ಕೂತಿರುವ ಈಗಲೂ ಆ ವರ್ಷ ನೆನಪಾದರೆ ಮೈ ಉರಿಯುತ್ತದೆ. ತಣ್ಣಗೆ ಬರೆಯುತ್ತೇನೆಂದು ಮಾತು ಕೊಡಲಾರೆ.

ನಮ್ಮಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದದ್ದು ಮೀನುಗಾರಿಕೆ ಬೋಟಿನ ಆಂಪ್ಲಿಫೈಯರ್ ಪೆಟ್ಟಿಗೆ. ಬೋಟಿನ ಮುಖ್ಯಸ್ಥನಾದ ತಾಂಡೇಲ ಕ್ಯಾಬಿನ್ನಿನಲ್ಲಿ ಕೂತು ಮೈಕಿನಲ್ಲಿ ಹೇಳಿದ್ದು ಹಿಂದೆ ವಿಂಚ್ ಹತ್ತಿರ ಇರುವವನಿಗೆ ಕೇಳಬೇಕು. ವಿಂಚ್ ಎಂದರೆ ಬಲೆಯ ಹಗ್ಗವನ್ನು ಸುತ್ತಿ ಎಳೆಯುವ ಯಂತ್ರ. ಎಂಜಿನ್ನಿನ ಗಲಾಟೆಯಲ್ಲಿ ಬರಿಗಂಟಲು ಏನೂ ಸಾಲದು. 'ನಿಲ್ಸ್' ಎಂದಾಗ ವಿಂಚ್ ನಿಲ್ಲದಿದ್ದರೆ ಹಗ್ಗಕ್ಕೆ ಬಲೆ ಯಾವುದು, ಕೈ ಯಾವುದು ಎಂಬ ಭೇದವಿಲ್ಲ.

ಈ ಪೆಟ್ಟಿಗೆಯ ಜೀವ ಒಂದು ಚಿಪ್. ಹಳೆಯ ಕಾಲದ ಆಂಪ್ಲಿಫೈಯರ್ ತಿಂದ ಕರೆಂಟಿನ ಬಹುಪಾಲನ್ನು ಶಾಖ ಮಾಡಿ ಬಿಸಾಡುತ್ತದೆ. ಇದು ಕ್ಲಾಸ್ ಡಿ ಎಂಬ ಜಾತಿಯದು, ಹೆಚ್ಚು ಬಿಸಿಯಾಗುವುದಿಲ್ಲ. ಬಿಸಿಯಾಗದ ಕಾರಣ ಪೆಟ್ಟಿಗೆಗೆ ಗಾಳಿಯ ತೂತು ಬೇಡ. ತೂತಿಲ್ಲದ ಕಾರಣ ಉಪ್ಪಿನ ಗಾಳಿ ಒಳಗೆ ಹೋಗುವುದಿಲ್ಲ. ಗಂಗೊಳ್ಳಿಯ ಬೋಟಿನವರು ಇದಕ್ಕಾಗಿಯೇ ನಮ್ಮ ಪೆಟ್ಟಿಗೆಯನ್ನು ಕೇಳಿ ಒಯ್ಯುತ್ತಿದ್ದರು. ತೊಂದರೆ ಒಂದೇ. ಆ ಚಿಪ್ ಮಾಡುತ್ತಿದ್ದದ್ದು ಲೋಕದಲ್ಲಿ ಒಂದೇ ಒಂದು ವಿದೇಶಿ ಕಂಪನಿ. ಅದರ ಜಾಗದಲ್ಲಿ ಕೂರುವ ಇನ್ನೊಂದು ಚಿಪ್ ಇರಲಿಲ್ಲ.

ಇನ್ನು ಕಾರ್ಖಾನೆಯ ಯಜಮಾನರ ಪದ್ಧತಿ. ಎಲ್ಲರೂ ಅವರನ್ನು ಸುಧಾಕರಣ್ಣ ಎನ್ನುತ್ತಿದ್ದರು. ಹೊಸ ಚಿಪ್‌ಗಳು ಬಂದ ಕೂಡಲೇ ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಅವುಗಳ ಬೆನ್ನ ಮೇಲಿನ ನಂಬರನ್ನು ಮರಳು ಕಾಗದದಿಂದ ಉಜ್ಜಿ ತೆಗೆಯುತ್ತಿದ್ದರು. ಬೇರೆಯವರು ಪೆಟ್ಟಿಗೆ ಬಿಚ್ಚಿ ನಕಲು ಮಾಡಬಾರದಲ್ಲ! ಈ ಸಣ್ಣ ಉದ್ಯಮದಲ್ಲಿ ಇದು ಎಲ್ಲರೂ ಮಾಡುವ ಕೆಲಸವೇ. ನನ್ನ ಮೇಜಿಗೆ ಬರುವಾಗ ಎಲ್ಲ ಚಿಪ್‌ಗಳೂ ಬೋಳು ಬೆನ್ನಿನವೇ. ಕೆಟ್ಟರೆ ಯಾವ ಕಂತಿನಲ್ಲಿ ಬಂದದ್ದೆಂದು ಗೊತ್ತಾಗುವುದಿಲ್ಲ ಎಂದು ನಾನು ಹೇಳದೆ ಬಿಟ್ಟ ವರ್ಷವಿಲ್ಲ. "ನೀವ್ ಟೆಸ್ಟ್ ಮಾಡಿ ಜಯಕ್ಕ, ವ್ಯಾಪಾರ ನಂಗ್ ಬಿಡಿ" ಎನ್ನುತ್ತಿದ್ದರು. ಕಿವಿಗೆ ಹಾಕಿಕೊಂಡರೆ ತಾನೇ.

ಮೀನುಗಾರಿಕೆಗೆ ಮಳೆಗಾಲದ ರಜೆ ಶುರುವಾಗುವ ಮುಂಚಿನ ವಾರ ಗುಲ್ವಾಡಿಯ ಸಂತೋಷ ಎಂಬ ಯುವಕನ ಬಲಗೈಯ ಎರಡು ಬೆರಳು ವಿಂಚಿನಲ್ಲಿ ಹೋದವು. ಅವನ ಬೋಟಿನ ತಾಂಡೇಲ ಬಾಬಣ್ಣ ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಸೀದಾ ಕಾರ್ಖಾನೆಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ.

"ಅಕ್ಕ, ನಾನ್ ನಿಲ್ಸ್ ನಿಲ್ಸ್ ಅಂತ ಎಷ್ಟ್ ಕೂಗ್ದೆ. ಅವ್ನಿಗ್ ಕೇಣ್ಲೇ ಇಲ್ಲ. ಕಡೀಗ್ ಕಂಡ್ರೆ ಈ ಪೆಟ್ಗಿ ಸತ್ಕಂಡಿತ್" ಎಂದರು.

ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದೆ. ಪೆಟ್ಟಿಗೆ ಚೆನ್ನಾಗಿ ಮಾತಾಡಿತು. ಸುಧಾಕರಣ್ಣನ ಮುಖ ಅರಳಿತು. "ಕಂಡ್ರ್ಯಾ? ಎಂತ ಆಯ್ಲಿಲ್ಲ ಇದ್ಕೆ" ಎಂದರು. ನನಗೆ ಸಮಾಧಾನವಾಗಲಿಲ್ಲ. ಮುಚ್ಚಳ ಬಿಗಿದು, ಬೋಟಿನಲ್ಲಿ ಇರುವಷ್ಟೇ ಜೋರಿನಲ್ಲಿ ಓಡಲು ಬಿಟ್ಟೆ. ಊಟ ಮುಗಿಸಿ ಬರುವಷ್ಟರಲ್ಲಿ ಪೆಟ್ಟಿಗೆ ಮುಟ್ಟಲಾಗದಷ್ಟು ಕಾದು ಮೂಕವಾಗಿತ್ತು. ಆರಿದ ಮೇಲೆ ಮತ್ತೆ ಮಾತು. ಚಿಪ್ ಅತಿ ಬಿಸಿಯಾದಾಗ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ, ಅದಕ್ಕೆ ಥರ್ಮಲ್ ಶಟ್‌ಡೌನ್ ಎನ್ನುತ್ತಾರೆ. ಆದರೆ ಬಿಸಿಯೇ ಆಗದ ಚಿಪ್ ಅದು. ಹಾಗಾದರೆ ಇದು ಆ ಚಿಪ್ ಅಲ್ಲ.

ಬೆಂಗಳೂರಿನಲ್ಲಿ ನಮಗೆ ಚಿಪ್ ಒದಗಿಸುತ್ತಿದ್ದ ಏಜೆನ್ಸಿಯ ಪ್ರತಿನಿಧಿ ಕಿರಣ್‌ಗೆ ಫೋನ್ ಮಾಡಿದೆ. ಅವನ ಉತ್ತರ ಇನ್ನೂ ಕಿವಿಯಲ್ಲಿದೆ.

"ಮೇಡಮ್, ಆ ಕಂಪನಿ ದಿವಾಳಿ ಎದ್ದು ಎಷ್ಟೋ ತಿಂಗಳಾಯ್ತಲ್ಲ. ನಿಮ್ಮ ಓನರ್‌ಗೆ ಗೊತ್ತಲ್ವಾ?"

ಆಮೇಲೆ ಕೇಳಿ ತಿಳಿದದ್ದು ಇಷ್ಟು. ಕಂಪನಿ ಬರಲಿದ್ದ ಆರ್ಡರುಗಳನ್ನು ನಂಬಿ ಸಾಲ ಮಾಡಿತ್ತು, ಆರ್ಡರು ಬರಲಿಲ್ಲ. ಯಾವುದೇ ಚಿಪ್ ನಿಲ್ಲಿಸುವ ಮುಂಚೆ 'ಕೊನೆಯ ಖರೀದಿ ಮಾಡಿಕೊಳ್ಳಿ' ಎಂದು ಗಿರಾಕಿಗಳಿಗೆ ತಿಳಿಸುವುದು ಈ ವ್ಯವಹಾರದ ಮರ್ಯಾದೆ. ಕಂಪನಿಯವರು ಟಿವಿ ಮಾಡುವ ದೊಡ್ಡವರಿಗೆ ಮಾತ್ರ ಗುಟ್ಟಿನಲ್ಲಿ ತಿಳಿಸಿದರು, ದೊಡ್ಡವರು ದಾಸ್ತಾನು ಬಾಚಿಕೊಂಡರು. ನಮ್ಮಂಥವರಿಗೆ ಏಜೆನ್ಸಿಯಿಂದ ದೀಪಾವಳಿಗೆ ಸಿಹಿಯ ಡಬ್ಬಿ ಬಂತು, ವಿಷಯ ಬರಲಿಲ್ಲ. ಸುಧಾಕರಣ್ಣನಿಗೆ ತಡವಾಗಿ ಗೊತ್ತಾದಾಗ ಅವರು ಮುಂಬೈಯ ಸಂತೆಯಿಂದ ಅದೇ ಹೆಸರು ಅಚ್ಚು ಹಾಕಿದ ನಕಲಿ ಮಾಲು ತರಿಸಿದರು. ಅದನ್ನೂ ಉಜ್ಜಿದರು. ಒಳ್ಳೆಯದು, ಕೆಟ್ಟದ್ದು ಎಲ್ಲಕ್ಕೂ ಒಂದೇ ಬೋಳು ಬೆನ್ನು. ನಾಲ್ಕು ನಿಮಿಷದ ನನ್ನ ಟೆಸ್ಟಿನಲ್ಲಿ ಅವೆಲ್ಲ ಪಾಸು.

ನಾನು ಅವರ ಕೋಣೆಗೆ ಹೋಗಿ, ಮಾರಿದ ಪೆಟ್ಟಿಗೆಗಳನ್ನೆಲ್ಲ ವಾಪಸು ತರಿಸಬೇಕು ಎಂದೆ. ರಜೆ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಮುಂಚೆ ಆಗಬೇಕು.

"ತಲಿ ಸಮ ಇತ್ತಾ ನಿಮ್ಗೆ? ಕಾರ್ಖಾನಿ ಬಾಗ್ಲ್ ಹಾಕುಕೆ ಹೇಳ್ತ್ರ್ಯಾ?" ಎಂದರು. ಆಮೇಲೆ ದನಿ ಇಳಿಸಿ, "ಉಪ್ಪ್ ನೀರ್ ಹೊಕ್ಕಿತ್ ಅಂತ ಒಂದ್ ರಿಪೋರ್ಟ್ ಬರ್ದ್ ಕೊಡಿ ಜಯಕ್ಕ. ಬೋಟ್ನವ್ರ್ ಸುಮ್ನಾತ್ರ್" ಎಂದರು.

"ಒಳ್ಗೆ ಒಂದ್ ಹನಿ ನೀರಿಲ್ಲ. ನಾನ್ ಬರ್ದ್ ಕೊಡೂದಿಲ್ಲ" ಎಂದೆ.

"ಹಂಗಾರೆ ನಾಳೆಯಿಂದ ಬಪ್ಪುದ್ ಬೇಡ."

ಬೇಡವೆಂದರೆ ಬೇಡ. ಮರುದಿನ ಬಸ್ಸು ಹತ್ತಿ ಮೊದಲು ಗುಲ್ವಾಡಿಗೆ ಹೋದೆ. ಸಂತೋಷನ ಅಮ್ಮ ಅಂಗಳಕ್ಕೆ ಬಂದು, ಎಲ್ಲಿಂದ ಬಂದದ್ದು ಎಂದು ಕೇಳಿದರು. ಹೇಳಿದೆ. ಅವರು ನನ್ನನ್ನು ಕೂರಿಸಲಿಲ್ಲ. "ನೀವ್ ಮಾಡಿದ್ ಪೆಟ್ಗಿಯಾ ಅದ್?" ಎಂದಷ್ಟೇ ಕೇಳಿ ಒಳಗೆ ಹೋದರು. ಅವರ ಸಿಟ್ಟು ನ್ಯಾಯವಾದದ್ದು. ನನ್ನ ಸಿಟ್ಟಿಗಿಂತ ಹತ್ತು ಪಾಲು ನ್ಯಾಯವಾದದ್ದು.

ಅಲ್ಲಿಂದ ಗಂಗೊಳ್ಳಿ ಬಂದರಿನಲ್ಲಿ ಬೋಟು ಕಟ್ಟುವ ದಕ್ಕೆಗೆ ಹೋದೆ. ಬೋಟುಗಳೆಲ್ಲ ಮಳೆಯಲ್ಲಿ ಕಟ್ಟಿ ನಿಂತಿದ್ದವು, ತಾಂಡೇಲರು ಶೆಡ್ಡಿನಲ್ಲಿ ಬಲೆ ಹೊಲಿಯುತ್ತಿದ್ದರು. ಬಾಬಣ್ಣ, "ಹ್ವಾಯ್, ಎಲ್ರೂ ಇಲ್ ಕೇಣಿ" ಎಂದು ಕರೆದರು. ನಾನು ನಡೆದದ್ದನ್ನು ಹಾಗೆಯೇ ಹೇಳಿ, ನಮ್ಮ ಪೆಟ್ಟಿಗೆಗಳನ್ನೆಲ್ಲ ಕಳಚಿಡಿ ಎಂದೆ.

ಒಬ್ಬರು ಕೇಳಿದರು, "ನಮ್ದ್ ಹಳೀದ್ ಅಕ್ಕ, ಲಾಯ್ಕ್ ಇತ್ತ್. ಒಳ್ಳೇದ್ ಯಾವ್ದ್, ಲಗಾಡಿ ಹೋದ್ದ್ ಯಾವ್ದ್ ಅಂತ ಹ್ಯಾಂಗ್ ಗೊತ್ತಾಪ್ದ್?"

"ಬಿಚ್ಚಿ ಕಂಡ್ರೂ ಗೊತ್ತಾತ್ತಿಲ್ಲ, ಯಾವತ್ತಿಂದ ನಕಲಿ ಹಾಕಿದ್ ಅಂತ್ಲೂ ನಂಗ್ ಗೊತ್ತಿಲ್ಲ. ಗೊತ್ತಾಗ್ದಿದ್ದಂಗೆ ನಾವೇ ಮಾಡಿದ್" ಎಂದೆ.

ಅಷ್ಟೂ ಜನರ ಎದುರು ಆ ಮಾತು ಹೇಳುವಾಗ ನಾಚಿಕೆಯಿಂದ ಸಾಯುವ ಹಾಗಾಯಿತು. ಆ ನಾಚಿಕೆ ಪಡಬೇಕಾದವರು ಯಾರೂ ಅಲ್ಲಿರಲಿಲ್ಲ. ಒಳ್ಳೆಯ ಪೆಟ್ಟಿಗೆಗಳೂ ಕೆಟ್ಟವುಗಳ ಜೊತೆಗೇ ಕಳಚಿ ಬಂದವು. ಬೋಟಿನವರು ಅವನ್ನೆಲ್ಲ ಟೆಂಪೋದಲ್ಲಿ ಹೇರಿ ತಂದು ಕಾರ್ಖಾನೆಯ ಗೇಟಿನ ಎದುರು ಸುರಿದರು. ಚೌತಿಗೆ ಮುಂಚೆ ಕಾರ್ಖಾನೆ ಮುಚ್ಚಿತು. ಬೋರ್ಡಿಗೆ ಚಿಪ್ ಬೆಸೆಯುತ್ತಿದ್ದ ಹೆಣ್ಣುಮಕ್ಕಳು ಬೀದಿಗೆ ಬಿದ್ದರು. ಕಿರಣ್ ಈಗ ಬೇರೆ ಕಂಪನಿಯ ಚಿಪ್ ಮಾರುತ್ತಾನೆ. ದಿವಾಳಿ ಎದ್ದ ಕಂಪನಿಯ ಪೇಟೆಂಟುಗಳನ್ನು ಇನ್ನೊಬ್ಬರು ಕೊಂಡರಂತೆ, ಅದರ ದೊಡ್ಡವರಿಗೆ ಬೇರೆ ಕಡೆ ದೊಡ್ಡ ಕುರ್ಚಿಗಳೇ ಸಿಕ್ಕವಂತೆ.

ನನ್ನ ಕೆಲಸ ನನಗೆ ಕಲಿಸಿದ್ದು ಒಂದೇ. ಸರಕು ಇಲ್ಲದಿದ್ದರೆ ಇಲ್ಲ ಎನ್ನಬೇಕು. ಕಂಪನಿ ಇಲ್ಲ ಎನ್ನಲಿಲ್ಲ, ಏಜೆನ್ಸಿ ಇಲ್ಲ ಎನ್ನಲಿಲ್ಲ, ಯಜಮಾನರು ಇಲ್ಲ ಎನ್ನಲಿಲ್ಲ. ಆ ಒಂದು ಮಾತು ಹೇಳಲು ಯಾರಿಗೂ ಖರ್ಚಿರಲಿಲ್ಲ.

ಕಳೆದ ವರ್ಷ ಹೆಮ್ಮಾಡಿಯ ಬಸ್ ನಿಲ್ದಾಣದಲ್ಲಿ ಸಂತೋಷ ಸಿಕ್ಕಿದ. ಗುರುತು ಹಿಡಿದವನು ಅವನೇ, ಅಂದು ಮನೆಗೆ ಹೋದಾಗ ನನ್ನನ್ನು ಒಳಗಿನಿಂದ ಕಂಡಿದ್ದನಂತೆ. ಮತ್ತೆ ಬಾಬಣ್ಣನ ಬೋಟಿಗೇ ಹೋಗುತ್ತಾನಂತೆ. ವಿಂಚ್ ಹಿಡಿಯಲು ಆಗುವುದಿಲ್ಲ. ಹಾಗಾದರೆ ಏನು ಕೆಲಸ ಎಂದು ಕೇಳಿದೆ.

"ಕ್ಯಾಬಿನ್ನಿಗೂ ವಿಂಚಿಗೂ ಮಧ್ಯ ನಿಂತ್ಕಂಬ್ದ್ ಅಕ್ಕ. ಬಾಬಣ್ಣ ನಿಲ್ಸ್ ಅಂದ್ರೆ ನಾನ್ ತಿರ್ಗಿ ಕೂಗುದ್" ಎಂದ.

ಅವನ ದನಿ ಪೂರ್ತಿ ಒಡೆದು ಹೋಗಿತ್ತು. ಹೇಳಿದ್ದು ಕೇಳಿಸಬೇಕಾದರೆ ನಾನು ಹತ್ತಿರ ಬಾಗಬೇಕಾಯಿತು.